ಬಲಗೈ ನಿಯಮ

ಹತ್ತನೇ ಇಯತ್ತೆಯ ಪರೀಕ್ಷೆಗೆ ಒಂಬತ್ತನೇ ಇಯತ್ತೆಯ ಕೈ ಬೇಕು,
ಅದಕ್ಕಿಂತ ಮೇಲಿನದು ನಡೆಯದು.
ಅಕ್ಷರ ದುಂಡಗಿವೆ ಎಂದು ಹೆಡ್ ಮಾಸ್ತರರು ನನ್ನನ್ನು ಕಳಿಸಿದರು
ಶಹಾಬಾದಿನ ಹಳೇ ಸಾಲಿಯ ಕೊನೆಯ ಕೋಣೆಗೆ.
ಅಲ್ಲಿ ಸಾಯಬಣ್ಣ ಕೂತಿದ್ದ,
ಇಪ್ಪತ್ತಾರರ ಗಂಡಸು, ಸಣ್ಣ ಬೆಂಚಿಗೆ ಮೊಣಕಾಲು ತಾಗಿಸಿ.
ಬಲಗೈ ಮಣಿಕಟ್ಟಿನ ತನಕ ಮಾತ್ರ.
ದೀಪಾವಳಿ ಮುಂದಿನ ಸೋಮವಾರ ಫರಸಿ ಕೊಯ್ಯುವ ಮಷೀನು
ಉಳಿದದ್ದನ್ನು ಇಟ್ಟುಕೊಂಡಿತ್ತು.
ಎಡಗೈ ಇನ್ನೂ ಅ ಆ ತಿದ್ದುತ್ತಿತ್ತು.

"ನಾ ಹೇಳಿದ್ದಷ್ಟೇ ಬರೀಬೇಕು ತಮ್ಮಾ," ಅಂದ.
"ತಪ್ಪಿದ್ರ ತಪ್ಪೇ ಬರಿ."

ಮೊದಲ ದಿನ ಕನ್ನಡ. ಗಾದೆ ವಿಸ್ತರಿಸಿ ಬರೆಯಿರಿ:
ಕೈ ಕೆಸರಾದರೆ ಬಾಯಿ ಮೊಸರು.
ಬಹಳ ಹೊತ್ತು ಸುಮ್ಮನಿದ್ದ.
ಫ್ಯಾನು ಕಟಕಟ ಅನ್ನುತ್ತಿತ್ತು.
ಆಮೇಲೆ ನಕ್ಕ, ಮೇಡಂ ತಲೆ ಎತ್ತುವಷ್ಟು.
"ಬರಿ: ಈ ಗಾದಿ ಕಟ್ಟಿದವಗ ಎರಡೂ ಕೈ ಇದ್ದವು."
ಬರೆದೆ. ಬಳಿಕ ಪಾಠದ ಮಾತನ್ನೇ ಹೇಳಿದ,
ದುಡಿಮೆ, ಫಲ, ಹಿರಿಯರ ಅನುಭವ,
ಮೂರು ಅಂಕಕ್ಕೆ ಬೇಕಾದಷ್ಟು.

ವಿಜ್ಞಾನದಲ್ಲಿ ಬಂತು: ಬಲಗೈ ಹೆಬ್ಬೆರಳಿನ ನಿಯಮ ನಿರೂಪಿಸಿ.
ಅವನ ತೋಳು ತಾನೇ ಎದ್ದಿತು, ತುದಿಯಲ್ಲಿ ಏನೂ ಇರದೆ.
ಇಳಿಸಿದ. "ಪೆನ್ನು ನೆಟ್ಟಗ ಹಿಡಿ, ಮುಷ್ಟಿ ಕಟ್ಟಿ."
ನನ್ನ ಹೆಬ್ಬೆರಳು ಮೇಲೆ ನಿಂತಿತು,
ನಾಲ್ಕು ಬೆರಳು ಪೆನ್ನನ್ನು ಸುತ್ತಿಕೊಂಡವು.
ಅದನ್ನೇ ನೋಡಿ ನೋಡಿ ಹೇಳಿದ:
ಹೆಬ್ಬೆರಳು ವಿದ್ಯುತ್ತು ಹರಿಯುವ ದಿಕ್ಕು,
ಮಡಚಿದ ಬೆರಳು ಕಾಂತಕ್ಷೇತ್ರದ ದಿಕ್ಕು.
ಹೇಳಿ ಮುಗಿದ ಮೇಲೂ ನನ್ನ ಕೈಯನ್ನು ತುಸು ಹೊತ್ತು
ನೋಡುತ್ತಲೇ ಇದ್ದ. ನಾನು ಬೆರಳು ಬಿಚ್ಚಲಿಲ್ಲ.

ಸಮಾಜದಲ್ಲಿ ಒಂದು ಅಂಕ: ಪದರು ಶಿಲೆಗೆ ಉದಾಹರಣೆ.
ಅಂಗಾಲಿನಿಂದ ನೆಲ ತಟ್ಟಿದ. "ಸುಣ್ಣಕಲ್ಲು. ಇದೇ."
ಹಾಗೆಯೇ ಸುರು ಮಾಡಿದ: ಉಳಿ ಎಲ್ಲಿಟ್ಟರೆ ಪದರು ಬಿಡುತ್ತದೆ,
ಬಿಡುವ ಮೊದಲು ಕಲ್ಲು ಹೇಗೆ ಸಪ್ಪಳ ಬದಲಿಸುತ್ತದೆ,
ಮುಂಜಾನೆಯ ಕಲ್ಲು ಬೇರೆ, ಬಿಸಿಲು ಕುಡಿದ ಮಧ್ಯಾಹ್ನದ ಕಲ್ಲು ಬೇರೆ...
"ಒಂದೇ ಸಾಲಣ್ಣ," ಅಂದೆ, "ಒಂದೇ ಸಾಲಿನ ಜಾಗ ಅದ."
ಸುಣ್ಣಕಲ್ಲು ಎಂದಷ್ಟೇ ಬರೆದೆ.

ಗಣಿತ. ಏಳೆಂಟ್ಲೆ ಐವತ್ನಾಲ್ಕು ಅಂದ.
ನನ್ನ ಪೆನ್ನು ನಿಂತಿತು.
ಕಿಟಕಿಯ ಬಿಸಿಲು, ಅವನ ಬರಿಗಾಲು, ನಮ್ಮ ಕಡೆಗೇ
ಬರುತ್ತಿರುವ ಮೇಡಂ ಚಪ್ಪಲಿಯ ಸದ್ದು.
ಐವತ್ನಾಲ್ಕು ಬರೆದೆ.
ಅಲ್ಲಿಂದ ಕೆಳಗಿನ ಐದು ಹಂತವೂ ಸಾಲಾಗಿ, ದುಂಡಗೆ, ತಪ್ಪಾದವು.

ಗೇಟಿನ ಹೊರಗೆ ಬೇವಿನ ಕೆಳಗೆ ಸುಸಲಾ ಬಂಡಿ.
ಎಡಗೈಯಿಂದ ತಿನ್ನುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಅಂದ:
"ಐವತ್ತಾರಲ್ಲೇನು?"
ಹೂಂ ಅಂದೆ.
"ಗೊತ್ತಿತ್ತು ನಿನಗ?"
ಹೂಂ.
ಪೇಪರಿನ ಪೊಟ್ಟಣದಲ್ಲಿ ಉಳಿದಿದ್ದ ಸುಸಲಾ
ನನ್ನ ಕಡೆ ಸರಿಸಿದ, ಮಿರ್ಚಿ ಸಮೇತ.
"ನಾಡದು ಹಿಂದಿ ಅದ. ಜಲ್ದಿ ಬಾ."