ಮೂರನೇ ಚರಣ

ಅರವತ್ತು ನಿಮಿಷದ ಕ್ಯಾಸೆಟ್ಟು ಅಂದರೆ
ಒಂದು ಮಗ್ಗುಲಿಗೆ ಮೂವತ್ತು. ಅಷ್ಟೇ ಜಾಗ.
ಗಿರಾಕಿ ಚೀಟಿಯಲ್ಲಿ ಬರೆದು ತರುವ ಹಾಡು ಏಳು,
ಹಿಡಿಸುವುದು ಆರೂವರೆ.
ಆ ಅರ್ಧ ಹಾಡಿನ ಪಾಪ ನನ್ನದು.

ಗಡಿಯಾರ ಕಂಬದ ಹಿಂದೆ, ಮೆಟ್ಟಿಲ ಕೆಳಗೆ
ಮಂಚದಷ್ಟಗಲದ ಅಂಗಡಿ.
ಡಬಲ್ ಸ್ಪೀಡಿನಲ್ಲಿ ಎಲ್ಲ ದುಃಖವೂ
ಅಳಿಲು ಕಿಚಗುಟ್ಟಿದ ಹಾಗೆ.
ನಾನು ಹಾಡು ಕೇಳುತ್ತಿರಲಿಲ್ಲ,
ಅಳೆಯುತ್ತಿದ್ದೆ.

ಆ ವರ್ಷ ದಾವಣಗೆರೆಗೆಲ್ಲ ಒಂದೇ ಹಾಡು ಬೇಕು,
ಚೀಟಿಯ ಕೊನೆಗೆ, ಬೇರೆ ಶಾಯಿಯಲ್ಲಿ.
ಪಲ್ಲವಿಯಲ್ಲಿ ರೈಲ್ವೆ ಗೇಟು ಬಿದ್ದಿರುತ್ತದೆ.
ಮೊದಲ ಚರಣಕ್ಕೆ ಹುಡುಗಿಯೊಬ್ಬಳು ಬಂದು ನಿಲ್ಲುತ್ತಾಳೆ,
ಸೆರಗಿನ ಗಂಟಿನಲ್ಲಿ ಯಾರದೋ ಕಾಗದ.
ಎರಡನೆಯದರಲ್ಲಿ ರೈಲಿನ ಕೂಗು, ಹಳಿಯಾಚೆ ಒಂದು ಸೈಕಲ್ಲು.
ಆಮೇಲೆ ಕೊಳಲು.
ಕೊಳಲಿನ ನಡುವೆ ಎಲ್ಲೋ
ನನ್ನ ಟೇಪು ಟಕ್ ಅಂದುಬಿಡುತ್ತಿತ್ತು.

ಮಂಡಕ್ಕಿ ಭಟ್ಟಿಯ ಹಜರತ್‌ಬಿ ಬಂದಳು,
ರೆಪ್ಪೆಯ ಮೇಲೆ ಬೂದಿ.
“ದುಡ್ಡು ವಾಪಸ್ ಬ್ಯಾಡಣ್ಣ,
ಆಕಿ ದಾಟಿದ್ಲಾ ಇಲ್ಲಾ, ಅಷ್ಟು ಹೇಳು.”
ದಾಟಿದಳು ಅಂದೆ. ಸೈಕಲ್ಲು ಕಾದಿತ್ತು ಅಂದೆ.

ಮಿಲ್ಲಿನ ರಾತ್ರಿ ಪಾಳಿಯ ಹಾಲಪ್ಪನಿಗೆ
ಮಗಳು ಮನೆ ಬಿಟ್ಟು ಎಂಟು ದಿನ.
ಕಾಗದ ಹರಿದು ಅಪ್ಪನ ಹತ್ತಿರ ನಡೆದಳು ಅಂದೆ.
“ಹಾಡಿನ್ಯಾಗ ಹಂಗೈತಾ?”
ಹೂಂ ಅಂದೆ.
ಎರಡು ಕಾಪಿ ಮಾಡಿಸಿದ, ಒಂದು ಹರಿಹರಕ್ಕೆ ಕಳಿಸಲು.
ಎರಡೂ ಅದೇ ಕೊಳಲಿನಲ್ಲಿ ನಿಂತವು.

ದರ್ಜಿ ಕೊಟ್ರೇಶಿ ಯಾರನ್ನೂ ಕೇಳಲಿಲ್ಲ.
ಗುಂಡಿ ಹೊಲಿಯುತ್ತ ತಾನೇ ಮುಂದೆ ಕಟ್ಟಿಕೊಂಡ:
ಗೇಟಿನವನು ಕೆಳಗಿಳಿದು ಬಂದು
ಹುಡುಗಿಗೆ ಅರ್ಧ ಲೋಟ ಚಹಾ ಕೊಡುತ್ತಾನೆ.
ಪ್ರಾಸ ಕೂತಿರಲಿಲ್ಲ.
ಕಥೆ ಕೂತಿತ್ತು.

ಅಸಲು ಕ್ಯಾಸೆಟ್ಟು ನನ್ನ ಗಲ್ಲಾಪೆಟ್ಟಿಗೆಯಲ್ಲೇ ಇತ್ತು.
ಪುರಸೊತ್ತು ಇರಲಿಲ್ಲ
ಅಂತ ಈಗಲೂ ಹೇಳುತ್ತೇನೆ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಹುಡುಕಿ ಕೊಟ್ಟಳು.
ಮೂವತ್ತು ವರ್ಷದ ಮೇಲೆ, ಸರಿಯಾದ ವೇಗದಲ್ಲಿ.
ಕೊಳಲು ಬಂತು. ನನ್ನ ಬೆರಳು ತಾನಾಗೇ
ಇಲ್ಲದ ಬಟನ್ನಿನ ಮೇಲೆ ಹೋಯಿತು.
ಕೊಳಲು ಮುಗಿಯಿತು.

ಮೂರನೇ ಚರಣದಲ್ಲಿ ಏನೂ ಇಲ್ಲ.
ಮೊದಲನೆಯದನ್ನೇ ಮತ್ತೊಮ್ಮೆ ಹಾಡಿದ್ದಾರೆ.
ಅವಳು ಮತ್ತೆ ಬಂದು ನಿಲ್ಲುತ್ತಾಳೆ,
ಅದೇ ಸೆರಗು, ಅದೇ ಗಂಟು.

ಹೊರಗೆ ಅಶೋಕ ರಸ್ತೆ ಕಡೆ
ಗಂಟೆ ಹೊಡೆಯುತ್ತಿತ್ತು.

“ಮುಂದಿಂದು ಹಚ್ಚಲಾ ತಾತ?”

ತಡಿ, ಅಂದೆ.
ಆಕಿ ಇನ್ನೂ ದಾಟಿಲ್ಲ.