ಎಷ್ಟು ಆನೆ?

ಸಮ್ಲಿಯಮ್ಮನ ಶೆಡ್ಡಿನಲ್ಲಿ ಉಳಿದಿದ್ದದ್ದು ಒಂದೇ ಸೈಕಲ್ಲು,
ಮುಂದೆ ಬುಟ್ಟಿ, ಗುಲಾಬಿ ಬಣ್ಣ, ಸೀಟು ನನಗೆ ಎತ್ತರ.
ಸ್ಪ್ಯಾನರು ತಂದು ತಾನೇ ತಗ್ಗಿಸಿಕೊಟ್ಟಳು.
ಮೂವತ್ತು ಬಾತ್. ಕತ್ತಲಾಗುವ ಮುಂಚೆ ಬಾ.
ನಾಯಿ ಅಟ್ಟಿಸಿದರೆ ತುಳಿಯಬೇಡ, ಇಳಿದುಬಿಡು.
ಆಮೇಲೆ ಮೊಣಕೈ ಮೂಗಿಗಾನಿಸಿ, ತೋಳು ತೂಗಿ,
ಆನೆ ಎಷ್ಟಿವೆ, ಎಣಿಸಿಕೊಂಡು ಬಾ, ಎಂದಳು.

ಯೋಮ್ ನದಿಯ ತೂಗುಸೇತುವೆ
ಚಕ್ರದಡಿ ಹಲಗೆ ಹಲಗೆಯಾಗಿ ಹಲ್ಲು ಕಡಿಯಿತು.
ಆಚೆ ದಡದಲ್ಲಿ ಬಾಳೆ, ಕಬ್ಬು,
ಹಳೇ ಕುಂಬಾರರ ಕುಸಿದ ಭಟ್ಟಿಗಳು,
ಅವುಗಳ ನೆತ್ತಿ ಕೆದರುವ ಕೋಳಿ.
ಒಂದು ಕೋಳಿಯ ಕಾಲಿಗೆ ಸಿಕ್ಕ ಬೋಕಿ ಎತ್ತಿಕೊಂಡೆ:
ಹಸಿರು ಮೆರುಗು, ಅದರೊಳಗೆ ಅರ್ಧ ಮೀನು,
ಕುಂಟಾಬಿಲ್ಲೆಗೆ ಹೇಳಿ ಮಾಡಿಸಿದ ಅಳತೆ.
ಎರಡು ಹೆಜ್ಜೆ ನಡೆದು ಮರಳಿ ಅಲ್ಲೇ ಇಟ್ಟೆ.
ಮಿಕ್ಕರ್ಧ ಹುಡುಕಿಕೊಂಡು ಬಂದರೆ?

ಕೋಟೆಬಾಗಿಲು ದಾಟಿದ್ದೇ ಚೈನು ಕಳಚಿತು.
ಹುಲ್ಲು ಕತ್ತರಿಸುತ್ತಿದ್ದ ವಿಚಿಯನ್ ಮಿಷನ್ನು ಆರಿಸಿ ಬಂದ,
ಸೈಕಲ್ಲನ್ನು ತಲೆಕೆಳಗು ಮಾಡಿ
ಕಡ್ಡಿಯೊಂದರಲ್ಲಿ ಚೈನು ಹಲ್ಲಿಗೇರಿಸಿದ.
ಮಸಿ ಕೈಯನ್ನು ಮಣ್ಣಲ್ಲೇ ತೊಳೆದ.
ಎಲ್ಲಿ ನೋಡಿದರೂ ಜಂಬಿಟ್ಟಿಗೆ,
ತೂತು ತೂತು ಕೆಂಪು, ಇರುವೆಗಳಿಗೆ ಮಹಡಿ ಮನೆ.
ಸಾಲಿನ ಕೊನೆಯ ಬುದ್ಧನಿಗೆ ತಲೆಯಿಲ್ಲ.
ಆದರೂ ಯಾರೋ ಛತ್ರಿ ಕಟ್ಟಿದ್ದಾರೆ,
ತೊಡೆಯ ಮುಂದೆ ಕೆಂಪು ಸೋಡಾ ಇಟ್ಟಿದ್ದಾರೆ,
ಸ್ಟ್ರಾ ಹಾಕಿ.

ಆನೆಗಳು ಸ್ತೂಪದ ಸುತ್ತ
ಹೆಗಲಿಗೆ ಹೆಗಲು, ಗೋಡೆಗೆ ಬೆನ್ನು.
ಕಿವಿಯಿದ್ದದ್ದಕ್ಕೆ ಸೊಂಡಿಲಿಲ್ಲ,
ಸೊಂಡಿಲ ಗುರುತಿದ್ದದ್ದಕ್ಕೆ ಮುಖವೇ ಇಲ್ಲ,
ಗಾರೆ ಉದುರಿ ಒಳಗಿನ ಕಲ್ಲು ಕಾಣುತ್ತದೆ.
ಮೊದಲ ಸುತ್ತಿಗೆ ಮೂವತ್ತೇಳು.
ಎರಡನೆಯದಕ್ಕೆ ನಲವತ್ತು.
ಮೂಲೆಯದು ಯಾವ ಸಾಲಿನದು?
ತೆಂಕಣ ಬದಿಗೆ ಬರೀ ಕಾಲು ನಾಲ್ಕು,
ಮೇಲೆ ಹೊಟ್ಟೆಯಿಲ್ಲ, ಬೆನ್ನಿಲ್ಲ,
ಇಷ್ಟುದ್ದ ಆಲದ ಸಸಿ;
ಅದನ್ನು ಎಣಿಸಬೇಕೆ, ಬಿಡಬೇಕೆ?
ಮೂರನೆಯ ಸುತ್ತಿನ ನಡುವೆ ಲೆಕ್ಕ ಬಿಟ್ಟುಹೋಯಿತು,
ಕಾಲು ಮಾತ್ರ ಸುತ್ತು ಮುಗಿಸಿದವು.
ಬಿಸಿಲಿಗೆ ಕಾದ ಒಂದು ಮಂಡಿಗೆ ಒರಗಿ
ಬಾಳೆಲೆಯ ಜಿಗುಟನ್ನ ಬಿಚ್ಚಿದೆ.
ಬೆರಳಿಗೆ ಅಂಟಿದ ಅಗುಳು ನೆಕ್ಕುತ್ತಾ ನೆಕ್ಕುತ್ತಾ
ನಿದ್ದೆ.

ಎದ್ದಾಗ ನೆರಳು ಆಚೆ ಬದಿಗೆ ಹೋಗಿತ್ತು.
ಸೇತುವೆಯ ಬಳಿ ನಾಯಿ ಬಂತು. ನಾನು ತುಳಿದೆ.
ಇಳಿಯಬೇಕಿತ್ತು ಎಂದು ನೆನಪಾದದ್ದು
ಕಬ್ಬಿನ ಗದ್ದೆಯಲ್ಲಿ ಬಿದ್ದ ಮೇಲೆ.

ಸಮ್ಲಿಯಮ್ಮ ಮೊಣಕಾಲ ಗಾಯ ನೋಡಲಿಲ್ಲ,
ಬಾಗಿದ ಬುಟ್ಟಿಯನ್ನೂ.
ಎಷ್ಟು?
ಮೂವತ್ತೆಂಟು, ಎಂದೆ. ಜೊತೆಗೆ ನಾಲ್ಕು ಕಾಲು.

ಬಳಪ ಹಿಡಿದು ಶೆಡ್ಡಿನ ಹಿಂಗೋಡೆಗೆ ಹೋದಳು.
ಅಲ್ಲಿ ನೂರಾರು ಅಂಕಿಗಳು, ಯಾರಾರದೋ ಕೈಬರಹ:
ನಲವತ್ತೊಂದು, ಮೂವತ್ತಾರು, ಮತ್ತೆ ಮೂವತ್ತಾರು,
ಒಂದು ಮಗು ಬರೆದ ಸಾವಿರ.
ನೀನು ಎಣಿಸಿಲ್ಲವೇ?
ಮದುವೆಯ ವರ್ಷ ಎಣಿಸಿದ್ದೆ, ಎಂದಳು.
ಆಮೇಲೆ ಕೆಲವು ಬಿದ್ದವು,
ಇಲಾಖೆಯವರು ಬಂದು ಕೆಲವನ್ನು ಎಬ್ಬಿಸಿದರು.

ಜಾಗ ಹುಡುಕಿ ನನ್ನ ಮೂವತ್ತೆಂಟು ಬರೆದಳು.
ತುಸು ಯೋಚಿಸಿ ಅದರ ಪಕ್ಕ
ಸಣ್ಣದಾಗಿ ನಾಲ್ಕು ಗೀಟು.