ಎಟುಕುವ ಎತ್ತರ

ನಾಲ್ಕು ಗಂಟೆಗೆ ಕರೆಂಟು ಹೋಯಿತು.
ನಾಲ್ಕೂ ಹತ್ತಕ್ಕೆ ಮೊಬೈಲು ನಡುಗಿತು:
ಕೂಡಲೇ ಹೊರಡಿ. ಇಗರ್ಜಿಯ ಅಂಗಳಕ್ಕೆ
ನಡೆದು ಬನ್ನಿ.

ನಡೆದು.
ಫೊಂಟೆಲ್ಯದ ಮಂದಿಯೆಲ್ಲ ಕಾಲಿಗೆ ಬುದ್ಧಿ ಹೇಳಿದರು.
ನಾನೂ ಹೇಳುತ್ತಲೇ ಬಂದಿದ್ದೇನೆ ಮೂವತ್ತೊಂದು ವರ್ಷ,
ಆಲಿವ್ ಮರದಿಂದ ಬಿದ್ದ ಆ ನವೆಂಬರಿನಿಂದ;
ಕೇಳುವ ಜಾತಿಯವಲ್ಲ ಅವು.

ಗುಡ್ಡದಾಚೆ ನೀಲಗಿರಿ ತೋಪು.
ಮೈತುಂಬ ಎಣ್ಣೆಯಿರುವ ಮರ. ಪಟಾಕಿಯಂತಲ್ಲ ಅದರ ಸದ್ದು,
ಯಾರೋ ದೊಡ್ಡ ಹಾಸುಬಟ್ಟೆಯನ್ನು ಕೊಡವಿ ಕೊಡವಿ
ಹತ್ತಿರ ಬರುತ್ತಿರುವಂತೆ.
ಹಾಡಹಗಲೇ ಕೋಳಿಗಳು ಗೂಡು ಸೇರಿದವು, ರಾತ್ರಿಯಾಯಿತೆಂದು.
ಬಾಗಿಲಲ್ಲಿ ಕೂತೆ. ಮಡಿಲಲ್ಲಿ ಗುಳಿಗೆ ಡಬ್ಬಿ,
ಗುರುತಿನ ಚೀಟಿ, ಯಾಕೋ ಒಂದು ಸೌಟು.

ಪಂಚಾಯ್ತಿ ಕಚೇರಿಯಲ್ಲಿ ನನ್ನ ಹೆಸರಿತ್ತು:
ಆಡೊಜಿಂಡ, ಪಿಂಚಣಿ, ತಿಂಗಳ ಎಂಟನೇ ತಾರೀಖು.
ಯಾವ ಪಟ್ಟಿಯೂ ಬರಲಿಲ್ಲ.
ಬಂದದ್ದು ಬ್ರೆಡ್ಡಿನ ವ್ಯಾನು.

ಕಿಟೇರಿಯು ಬೆಳಗಾಗುವ ಮುಂಚೆ ಊರಿಗೆಲ್ಲ ಬ್ರೆಡ್ಡು ಹಂಚುವವನು,
ಬಾಗಿಲ ಪಕ್ಕದ ಕೊಕ್ಕೆಗೆ ಚೀಲ ತೂಗುಹಾಕಿ ಹೋಗುವವನು.
ಎಲ್ಲರ ಕೊಕ್ಕೆ ಅವನ ಭುಜದೆತ್ತರ;
ನನ್ನದಕ್ಕೆ ಬಗ್ಗಬೇಕು.
ಒಂಬತ್ತು ವರ್ಷ ಬಗ್ಗಿದ ಸೊಂಟ ಆ ದಿನ ಹೊಗೆಯೊಳಗೆ
ನೆನಪು ಮಾಡಿತಂತೆ: ಒಂದು ಕೊಕ್ಕೆ ಕೆಳಗಿದೆ.
ಅಷ್ಟೇ ಅವನ ಪಟ್ಟಿ.

ಬ್ರೆಡ್ಡಿನ ತಟ್ಟೆಗಳ ನಡುವೆ ನಾನು ಹಿಡಿಸಿದೆ.
ಕುರ್ಚಿ ಹಿಡಿಸಲಿಲ್ಲ.
ತಿರುವಿನಲ್ಲಿ ಹಿಂದಿರುಗಿ ನೋಡಿದೆ: ಬಾಗಿಲಲ್ಲಿ,
ಬ್ರೇಕು ಹಾಕಿಸಿಕೊಂಡು, ವಿಧೇಯವಾಗಿ ನಿಂತಿತ್ತು.
ಹಾಕಿದವಳು ನಾನೇ. ಅಭ್ಯಾಸಬಲ.

*

ಕ್ರೀಡಾಂಗಣದ ಹಾಲಿನಲ್ಲಿ ನೂರಾ ಅರವತ್ತು ಮಂಚ.
ಪಾಯಖಾನೆಯ ಬಾಗಿಲು ಮಾತ್ರ ಸಣಕಲರಿಗೆ.
ಎರಡು ದಿನ ನೀರು ಕುಡಿಯಲಿಲ್ಲ; ಜನ ಅದನ್ನು
ದುಃಖವೆಂದುಕೊಂಡರು.

ಮೂರನೇ ದಿನ ಲಿಸ್ಬನ್ನಿನ ಹುಡುಗಿ ಇಯೊಲಾಂಡ, ಕೈಯಲ್ಲಿ ಫಾರಂ.
ಮನೆ? ಹೋಯಿತು. ಕೋಳಿ? ಆರು.
ಆಲಿವ್? ಹದಿನಾಲ್ಕು, ನನ್ನನ್ನು ಬೀಳಿಸಿದ್ದೂ ಸೇರಿ.
ಗಾಲಿಕುರ್ಚಿ?
ಕಾಗದ ಮಗುಚಿದಳು, ಮತ್ತೆ ಮಗುಚಿದಳು.
'ಪೀಠೋಪಕರಣ ಅಂತ ಬರೆಯಲೇ?'
ನಿನ್ನ ಕಾಲನ್ನು ಯಾವ ಕಾಲಮ್ಮಿಗೆ ಹಾಕುತ್ತೀ, ಮಗಳೇ?
ಕೇಳಬಾರದಿತ್ತು. ಬೆಂದ ಊರುಗಳನ್ನೆಲ್ಲ ಸುತ್ತಿ ಬಂದ ಹುಡುಗಿ,
ಪೆನ್ನು ಕೆಳಗಿಟ್ಟು ಅತ್ತೇಬಿಟ್ಟಳು.
ಆಮೇಲೆ ಅವಳೇ ನಿಂತು ಆ ಬಾಗಿಲು ಕಳಚಿಸಿ,
ಅಡ್ಡಕ್ಕೆ ಚಾದರ ಕಟ್ಟಿಸಿದಳು.
ಆ ದಿನ ಮೂರು ಲೋಟ ನೀರು ಕುಡಿದೆ.

*

ಹತ್ತೊಂಬತ್ತು ವಾರಕ್ಕೆ ಮನೆ ಬಂತು: ಬಿಳಿ, ತಗಡು, ಚೊಕ್ಕ.
ಮುಂದೆ ಮೂರು ಮೆಟ್ಟಿಲು.
ಬೀಗದ ಕೈ ಕೊಟ್ಟವರು ಫೋಟೋ ತೆಗೆಸಿಕೊಂಡರು,
ನಾನು ಕೆಳಗೆ, ಮನೆ ಮೇಲೆ.
ಇಳಿಜಾರಿನ ಅರ್ಜಿ ಬೇರೆ ಇಲಾಖೆಗಂತೆ.
ಕಿಟೇರಿಯು ಬೇಕರಿಯ ಹಳೇ ಹಲಗೆ ತಂದು ಹಾಸಿದ.
ಮಳೆಗೆ ಜಾರುತ್ತದೆ; ಹಳೇ ಹುದುಗಿನ ವಾಸನೆ ಏಳುತ್ತದೆ.

ಈಗಿನ ಕುರ್ಚಿ ಸತ್ತ ಯಾರದೋ. ಎಡಕ್ಕೆ ಎಳೆಯುತ್ತದೆ,
ಅವನಿಗೆ ಆ ಕಡೆ ಏನೋ ಕೆಲಸ ಬಾಕಿಯಿದ್ದಂತೆ.
ಎಳೆದತ್ತ ಹೋಗುತ್ತೇನೆ, ನೋಟುಬುಕ್ಕು ಮಡಿಲಲ್ಲಿ:
ಕಾಸಿಲ್ಡ. ಸೈರನ್ನು ಕೇಳಿಸದು. ಹಿಂದಿನ ಕಿಟಕಿಗೆ ಟಾರ್ಚು ಬಿಡಬೇಕು.
ಔರೇಲಿಯು. ಆಮ್ಲಜನಕದ ಯಂತ್ರ. ಕರೆಂಟು ಹೋದರೆ ಎರಡು ಗಂಟೆ.
ಕೆಳಮನೆಯ ಹುಡುಗ ಝೆಲೀನು. ಯಾರೂ ಮುಟ್ಟಬಾರದು.
ಕೆಂಪು ಬಕೆಟ್ಟು ತೋರಿಸಿದರೆ ಹಿಂದೆಯೇ ಬರುತ್ತಾನೆ.
ಹನ್ನೊಂದು ಹೆಸರು. ಕೊನೆಯದು ಕಿಟೇರಿಯುವಿನದು:
ಸೊಂಟ ಹಿಡಿದಿದೆ ಈಚೆಗೆ. ಒಪ್ಪುವುದಿಲ್ಲ.

ನಿನ್ನೆ ತಗಡಿನ ಗೋಡೆಗೆ ಕೊಕ್ಕೆ ಹೊಡೆಯಲು ಬಂದ.
'ಎಲ್ಲಿಗೆ?' ಅಂದ, ಗೊತ್ತಿದ್ದೂ.
ನನಗೆ ಎಟುಕಬೇಕು; ಅವನು ಬಗ್ಗಲೂಬಾರದು.
ಇನ್ನೂ ಮೇಲೆ, ಅಂದೆ. ಇನ್ನೂ ಕೆಳಗೆ, ಅಂದ.
ನಾಲ್ಕು ತೂತು ಕೊರೆದಾಯಿತು.
ಗಾಳಿ ಬಂದರೆ ಗೋಡೆ ಈಗ ಸಿಳ್ಳೆ ಹಾಕುತ್ತದೆ.